ಧರ್ಮದ ಕಟ್ಟಳೆ ಬೇಡಿಯಾಗುವುದು ಯಾವಾಗ?

'ಯಹೂದಿ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಇಸ್ರೇಲಿನ ಟ್ಯಾಂಕುಗಳು ಮತ್ತು ಗಾಝಾದ ಅವಶೇಷಗಳು. ಅದಕ್ಕೆ ಕಾರಣಗಳೂ ಇವೆ. ಆದರೆ ಒಂದು ರಾಷ್ಟ್ರದ ಕೃತ್ಯಗಳನ್ನು ಮುಂದಿಟ್ಟು ಸಾವಿರಾರು ವರ್ಷಗಳ ಒಂದು ಧರ್ಮಪರಂಪರೆಯನ್ನು ಅಳೆಯುವುದು ನ್ಯಾಯವಲ್ಲ. ಯಾರೋ ಒಬ್ಬ ಮುಸ್ಲಿಮನ ಕೃತ್ಯದಿಂದ ಇಸ್ಲಾಮನ್ನು ಅಳೆಯಬೇಡಿ ಎಂದು ದಿನವೂ ಹೇಳುವ ನಾವು, ಇನ್ನೊಬ್ಬರ ವಿಷಯದಲ್ಲಿ ಅದೇ ತಪ್ಪನ್ನು ಮಾಡುವಂತಿಲ್ಲ.

ಇದನ್ನು ಹೇಳಲು ಕಾರಣವಿದೆ. ಧರ್ಮದ ಬಗ್ಗೆ ಇಂದು ಎರಡು ವಾದಗಳು ಜೋರಾಗಿ ಕೇಳಿ ಬರುತ್ತಿವೆ. ಸ್ವಾತಂತ್ರ್ಯವೆಂದರೆ ಕಟ್ಟಳೆಗಳನ್ನು ಕಳಚಿ ಹಾಕುವುದು, ಧರ್ಮ ಎಷ್ಟು ಕಡಿಮೆಯೋ ಮನುಷ್ಯ ಅಷ್ಟು ಸ್ವತಂತ್ರ ಎಂಬುದು ಒಂದು ವಾದ. ಕಟ್ಟಳೆಯೆಂದರೆ ಪ್ರಶ್ನಿಸದೆ ತಲೆಬಾಗುವುದು, ಸ್ವಾತಂತ್ರ್ಯ ಕೇಳುವವನು ದಾರಿ ತಪ್ಪಿದವನು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ಶತ್ರುಗಳು. ಆದರೆ ಸ್ವಾತಂತ್ರ್ಯ ಮತ್ತು ಕಟ್ಟಳೆ ಒಂದೇ ಮನೆಯಲ್ಲಿ ಬಾಳಲಾರವು ಎಂಬ ವಿಷಯದಲ್ಲಿ ಇಬ್ಬರದೂ ಒಮ್ಮತ. ಈ ಒಮ್ಮತವೇ ತಪ್ಪು ಎಂಬುದು ನಮ್ಮ ವಾದ. ಅದನ್ನು ತೋರಿಸಲು ಯಹೂದಿ ಪರಂಪರೆಗಿಂತ ಒಳ್ಳೆಯ ಉದಾಹರಣೆ ಸಿಗದು. ಕಟ್ಟಳೆಯು ಬೇಡಿಯಾಗಿ ಮಾರ್ಪಟ್ಟ ಉದಾಹರಣೆಯೂ ಅದೇ ಪರಂಪರೆಯಲ್ಲಿದೆ. ಎರಡನ್ನೂ ನೋಡೋಣ.

ಒಡೆಯ ಬದಲಾದ ಕಥೆ

ಪ್ರವಾದಿ ಮೂಸಾ - ಬೈಬಲಿನ ಮೋಶೆ - ಫಿರ್‌ಔನನ ಮುಂದೆ ನಿಂತು ತನ್ನ ಜನರನ್ನು ಬಿಟ್ಟುಬಿಡು ಎಂದು ಕೇಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಬೇಡಿಕೆಯ ಉಳಿದರ್ಧವನ್ನು ಹೆಚ್ಚಿನವರು ಮರೆಯುತ್ತಾರೆ. ತೌರಾತ್‌ನಲ್ಲಿ ಮೂಸಾ ಕೇಳುವುದು ಬರೀ ಬಿಡುಗಡೆಯನ್ನಲ್ಲ; ಆ ಜನರು ಹೋಗಿ ದೇವನನ್ನು ಆರಾಧಿಸಲಿಕ್ಕಾಗಿ ಅವರನ್ನು ಬಿಡು ಎಂದು. ಹೀಬ್ರೂ ಭಾಷೆಯಲ್ಲಿ ಗುಲಾಮಗಿರಿಗೂ ಆರಾಧನೆಗೂ ಒಂದೇ ಧಾತು. ಅರಬಿಯ 'ಅಬ್ದ್', 'ಇಬಾದತ್' ಶಬ್ದಗಳ ಬೇರೂ ಅದೇ. ಹಾಗಾದರೆ ಗುಲಾಮರು ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನ ಕೈಗೆ ಹೋದರು, ಅಷ್ಟೇ ತಾನೆ ಎಂದು ಕೇಳಬಹುದು. ಹೌದು, ಒಡೆಯ ಬದಲಾದ. ಆದರೆ ಈ ಹೊಸ ಒಡೆಯನನ್ನು ಒಪ್ಪಿಕೊಂಡ ಮೇಲೆ ಯಾವ ಮನುಷ್ಯನೂ ಇನ್ನೊಬ್ಬನಿಗೆ ಒಡೆಯನಾಗಿ ಉಳಿಯುವಂತಿಲ್ಲ. ಇಡೀ ವ್ಯತ್ಯಾಸ ಇರುವುದು ಇಲ್ಲಿ.

ತೌರಾತ್‌ನಲ್ಲಿ ಒಂದು ವಿಚಿತ್ರ ಕಾನೂನಿದೆ. ಆರು ವರ್ಷ ದುಡಿದ ಹೀಬ್ರೂ ದಾಸನನ್ನು ಏಳನೇ ವರ್ಷ ಬಿಡಬೇಕು. ಅವನೇ 'ನಾನು ಹೋಗಲಾರೆ' ಎಂದರೆ ಅವನ ಕಿವಿಯನ್ನು ಬಾಗಿಲ ಬಳಿ ಚುಚ್ಚಬೇಕು. ಚುಚ್ಚುವುದು ಕಿವಿಯನ್ನೇ ಏಕೆ? ಜೆರುಸಲೇಮಿನ ದೇವಾಲಯ ನಾಶವಾದ ಕಾಲದಲ್ಲಿದ್ದ ಯೋಹಾನಾನ್ ಬೆನ್ ಝಕ್ಕಾಯ್ ಅವರು ಕೊಟ್ಟ ಉತ್ತರ ಹೀಗಿದೆ: ಸಿನಾಯ್ ಬೆಟ್ಟದಲ್ಲಿ, ನೀವು ನನ್ನ ದಾಸರು ಎಂದು ದೇವನು ಸಾರಿದ್ದನ್ನು ಕೇಳಿಸಿಕೊಂಡ ಕಿವಿ ಅದು, ಕೇಳಿಯೂ ಇನ್ನೊಬ್ಬ ಮನುಷ್ಯನನ್ನು ಒಡೆಯನೆಂದು ಆರಿಸಿಕೊಂಡದ್ದು ಅದರ ಅಪರಾಧ. ಇಲ್ಲಿ ಸ್ವಾತಂತ್ರ್ಯವು ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ಬಿಡುವ ವಸ್ತುವಲ್ಲ. ಸ್ವತಂತ್ರನಾಗಿ ಬದುಕುವುದೇ ಒಂದು ಕಟ್ಟಳೆ.

ಸಿನಾಯ್‌ನ ಶಿಲಾಫಲಕಗಳ ಮೇಲಿನ ಬರಹದ ಬಗ್ಗೆಯೂ ರಬ್ಬಿಗಳ ಒಂದು ಮಾತಿದೆ. ಅರಬಿಯಂತೆ ಹೀಬ್ರೂವನ್ನೂ ಸ್ವರಚಿಹ್ನೆಗಳಿಲ್ಲದೆ ಬರೆಯುವ ರೂಢಿ. ಹಾಗಾಗಿ 'ಕೊರೆದ' ಎಂಬರ್ಥದ 'ಹಾರೂತ್' ಶಬ್ದವನ್ನು 'ಸ್ವಾತಂತ್ರ್ಯ' ಎಂಬರ್ಥದ 'ಹೇರೂತ್' ಎಂದೂ ಓದಬಹುದು. ಹಾಗೆಯೇ ಓದಿ ಎನ್ನುತ್ತಾರೆ ಅವರು. ಕಲ್ಲಿನಲ್ಲಿ ಕೊರೆದ ಕಾನೂನು ಮತ್ತು ಸ್ವಾತಂತ್ರ್ಯ ಎರಡಕ್ಕೂ ಅಕ್ಷರಗಳು ಒಂದೇ.

ಇದೆಲ್ಲ ಪದಗಳ ಆಟವೆಂದು ತಳ್ಳಿ ಹಾಕುವವರು ಸಬ್ಬತ್ತನ್ನು ನೋಡಲಿ. ವಾರದ ಏಳನೇ ದಿನ ದುಡಿಯಬಾರದು ಎಂಬುದು ಯಹೂದಿ ಧರ್ಮದ ಅತ್ಯಂತ ಕಟ್ಟುನಿಟ್ಟಿನ ನಿಯಮಗಳಲ್ಲೊಂದು. ಬೆಂಕಿ ಹಚ್ಚುವಂತಿಲ್ಲ, ಹೊಲದಲ್ಲಿ ಗೇಯುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಬರೀ ನಿಷೇಧಗಳ ಪಟ್ಟಿ. ಈ ಜನ ಬದುಕಿನ ಏಳನೇ ಒಂದು ಭಾಗವನ್ನು ಸುಮ್ಮನೆ ಪೋಲು ಮಾಡುತ್ತಾರೆ ಎಂದು ರೋಮಿನ ತತ್ವಜ್ಞಾನಿ ಸೆನೆಕಾ ಹೀಯಾಳಿಸಿದ್ದರು. ಆದರೆ ತೌರಾತ್‌ನ ಐದನೇ ಗ್ರಂಥವು ಈ ನಿಯಮಕ್ಕೆ ಕೊಡುವ ಕಾರಣವೇನು? ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ ಎಂಬುದನ್ನು ನೆನಪಿಡು. ಆದ್ದರಿಂದ ನಿನ್ನ ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಿನಲ್ಲಿರುವ ಪರದೇಶಿ ಎಲ್ಲರಿಗೂ ಆ ದಿನ ವಿಶ್ರಾಂತಿ ಸಿಗಲಿ ಎಂಬುದು. ಒಡೆಯನಿಗೆ ಕಟ್ಟಳೆಯಾದದ್ದು ದಾಸನಿಗೆ ಬಿಡುವಾಯಿತು. ಸೆನೆಕಾನಂಥ ಶ್ರೀಮಂತನಿಗೆ ಬಿಡುವು ಕೊಡಲು ಕಾನೂನು ಬೇಕಾಗಿರಲಿಲ್ಲ. ದಾಸನಿಗೆ ಬೇಕಾಗಿತ್ತು.

ಕಟ್ಟಳೆಗಳೆಲ್ಲ ಹೋದರೆ ಎಲ್ಲರೂ ಸ್ವತಂತ್ರರು ಎನ್ನುವವರಿಗೆ ನಮ್ಮ ಪ್ರಶ್ನೆ ಇಷ್ಟೇ: ಬಲಾಢ್ಯನ ಮೇಲಿನ ಕಟ್ಟಳೆಯನ್ನು ತೆಗೆದು ಹಾಕಿದರೆ ಸ್ವಾತಂತ್ರ್ಯ ಸಿಗುವುದು ಯಾರಿಗೆ?

ಪ್ರಶ್ನೆ ಕೇಳುವ ಪರಂಪರೆ

ಇನ್ನು ಎರಡನೇ ಗುಂಪಿನ ಕಡೆಗೆ ಬರೋಣ. ಕಟ್ಟಳೆಯೆಂದರೆ ಬಾಯಿ ಮುಚ್ಚಿ ಒಪ್ಪುವುದು ಎನ್ನುವ ಇವರು, ಪರಂಪರೆಯ ಹೆಸರು ಹೇಳುವಷ್ಟು ಪರಂಪರೆಯನ್ನು ಓದುವುದಿಲ್ಲ.

ಸಿನಾಯ್‌ನಲ್ಲಿ ಬನೀ ಇಸ್ರಾಈಲರು ಧರ್ಮಶಾಸ್ತ್ರವನ್ನು ಮನಸಾರೆ ಒಪ್ಪಿದರೇ? ತಲ್ಮೂದ್‌ನಲ್ಲೇ ಈ ಪ್ರಶ್ನೆ ಬರುತ್ತದೆ. ದೇವನು ಬೆಟ್ಟವನ್ನೇ ಎತ್ತಿ ಅವರ ತಲೆಯ ಮೇಲೆ ಹಿಡಿದು, ಒಪ್ಪದಿದ್ದರೆ ಇಲ್ಲೇ ನಿಮ್ಮ ಸಮಾಧಿ ಎಂದನಂತೆ. ಬೆಟ್ಟವನ್ನು ಮೇಲೆತ್ತಿದ ಪ್ರಸಂಗ ಕುರ್‌ಆನ್‌ನಲ್ಲೂ ಇರುವುದು ನಮ್ಮ ಓದುಗರಿಗೆ ಗೊತ್ತು. ಅಲ್ಲಿ ರಬ್ಬಿಯೊಬ್ಬರು ತಕ್ಷಣ ತಕರಾರು ತೆಗೆಯುತ್ತಾರೆ: ಹೆದರಿಸಿ ಮಾಡಿಸಿಕೊಂಡ ಒಪ್ಪಂದ ಊರ್ಜಿತವಾಗುವುದಾದರೂ ಹೇಗೆ? ಧರ್ಮದ ಬುಡವನ್ನೇ ಅಲ್ಲಾಡಿಸುವ ಈ ತಕರಾರನ್ನು ಯಾರೂ ಅಳಿಸಲಿಲ್ಲ. ಅದಕ್ಕೆ ಉತ್ತರ ಹುಡುಕಿದರು. ಶತಮಾನಗಳ ನಂತರ, ಪರ್ಷಿಯಾದಲ್ಲಿ ಎಸ್ತೇರ್ ರಾಣಿಯ ಕಾಲದಲ್ಲಿ, ತಲೆಯ ಮೇಲೆ ಯಾವ ಬೆಟ್ಟವೂ ಇಲ್ಲದಿದ್ದಾಗ ಜನರು ಅದನ್ನು ಸ್ವ ಇಚ್ಛೆಯಿಂದ ಮತ್ತೊಮ್ಮೆ ಒಪ್ಪಿಕೊಂಡರು ಎಂದು ರಾವಾ ಎಂಬ ವಿದ್ವಾಂಸರು ಹೇಳಿದರು. ಬಲವಂತದ ಕಟ್ಟಳೆ ಸಾಲದು, ಒಪ್ಪಿಗೆ ಬೇಕು ಎಂಬುದನ್ನು ಶಾಸ್ತ್ರವೇ ಒಪ್ಪಿಕೊಂಡ ಹಾಗಾಯಿತು.

ಒಂದು ಒಲೆಯ ಶುದ್ಧಾಶುದ್ಧದ ಕುರಿತು ನಡೆದ ಚರ್ಚೆಯ ಕಥೆಯಂತೂ ಪ್ರಸಿದ್ಧ. ರಬ್ಬಿ ಎಲಿಯೇಝೆರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಎಲಿಯೇಝೆರ್ ಅವರ ಪರವಾಗಿ ಮರ ಕಿತ್ತು ಸರಿಯಿತು, ತೊರೆ ಹಿಂದಕ್ಕೆ ಹರಿಯಿತು, ಕೊನೆಗೆ ಆಕಾಶವಾಣಿಯೂ ಆಯಿತು. ಆದರೂ ರಬ್ಬಿ ಯೆಹೋಶುವಾ ಎದ್ದು ನಿಂತು, ಧರ್ಮಶಾಸ್ತ್ರ ಈಗ ಆಕಾಶದಲ್ಲಿಲ್ಲ, ನಮ್ಮ ಕೈಯಲ್ಲಿದೆ. ಬಹುಮತದಿಂದ ತೀರ್ಮಾನಿಸುತ್ತೇವೆ ಎಂಬ ನಿಲುವು ತಾಳಿದರು. ದೇವನು ನಕ್ಕನೆಂದು ಕಥೆ. ಇದನ್ನು ಹೇಳಿ ಚಪ್ಪಾಳೆ ತಟ್ಟುವವರು ಮುಂದಿನ ಭಾಗವನ್ನು ಬಿಟ್ಟುಬಿಡುತ್ತಾರೆ. ಗೆದ್ದ ಬಹುಮತದವರು ಎಲಿಯೇಝೆರ್ ಅವರನ್ನು ಬಹಿಷ್ಕರಿಸಿದರು. ಅವರ ಕಣ್ಣೀರಿನಿಂದ ಅನಾಹುತಗಳಾದವು. ತಲ್ಮೂದ್ ಈ ಕಥೆಯನ್ನು ಹೇಳುವುದು, ಮಾತಿನಿಂದ ಇನ್ನೊಬ್ಬರನ್ನು ನೋಯಿಸುವ ಪಾಪದ ಬಗ್ಗೆ ಚರ್ಚಿಸುವಾಗ. ಸರಿಯಾದ ತೀರ್ಪು ಕೊಟ್ಟವರೂ ಒಬ್ಬ ಮನುಷ್ಯನನ್ನು ತುಳಿದರೆ ಅಪರಾಧಿಗಳೇ ಎಂಬುದು ಅದರ ಪಾಠ.

ಕಟ್ಟಳೆಯನ್ನು ಇವರು ಹೊರೆಯೆಂದು ತಿಳಿದಿದ್ದರೇ? ರಾವ್ ಯೋಸೆಫ್ ಎಂಬ ಅಂಧ ವಿದ್ವಾಂಸರೊಬ್ಬರಿದ್ದರು. ಅಂಧರಿಗೆ ಧರ್ಮದ ಕಟ್ಟಳೆಗಳಿಂದ ವಿನಾಯಿತಿಯಿದೆ ಎಂದು ಯಾರಾದರೂ ಖಚಿತಪಡಿಸಿದರೆ ಎಲ್ಲರಿಗೂ ಔತಣ ಹಾಕಿಸುತ್ತೇನೆ ಎನ್ನುತ್ತಿದ್ದರು. ಕಡ್ಡಾಯವಿಲ್ಲದೆಯೂ ಪಾಲಿಸುತ್ತಿರುವ ತನಗೆ ಹೆಚ್ಚು ಪುಣ್ಯವೆಂದು ಅವರ ಲೆಕ್ಕ. ಆಮೇಲೆ, ಕಡ್ಡಾಯವಿದ್ದು ಪಾಲಿಸುವವನೇ ದೊಡ್ಡವನು ಎಂಬ ರಬ್ಬಿ ಹನೀನಾ ಅವರ ಮಾತು ಕಿವಿಗೆ ಬಿತ್ತು. ಆಗ ರಾವ್ ಯೋಸೆಫ್, ಅಂಧರಿಗೆ ವಿನಾಯಿತಿಯಿಲ್ಲ ಎಂದು ಖಚಿತಪಡಿಸಿದವರಿಗೆ ಔತಣ ಹಾಕಿಸುತ್ತೇನೆ ಎಂದರು. ಹೊಣೆ ಹೊರಿಸದಿರುವುದು ಕೆಲವೊಮ್ಮೆ ದಯೆಯ ವೇಷ ತೊಟ್ಟ ಅವಮಾನ. ಹೊಣೆಯಿರುವವನಿಗೆ ಮಾತ್ರ ಪಂಕ್ತಿಯಲ್ಲಿ ಎಲೆ. 1917ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಧಾರ್ಮಿಕ ಶಾಲೆ ತೆರೆದ ಸಾರಾ ಶೆನಿರರ್ ಎಂಬ ದರ್ಜಿ ಮಹಿಳೆ ಕೇಳಿದ್ದು ಇದನ್ನೇ: ಹುಡುಗಿಯರಿಗೂ ಓದುವ ಹೊಣೆ ಇರಲಿ ಎಂದು.

ಬದಲಾವಣೆಯನ್ನು ಯಾರು ಮಾಡಿದರು?

ಪರಂಪರೆ ಎಂದೂ ಬದಲಾಗಿಲ್ಲ ಎಂಬುದು ದೊಡ್ಡ ಸುಳ್ಳು. ಏಳನೇ ವರ್ಷ ಸಾಲಗಳೆಲ್ಲ ಮನ್ನಾ ಎಂದು ತೌರಾತ್ ಹೇಳುತ್ತದೆ. ಬಡವರಿಗಾಗಿ ಮಾಡಿದ ಈ ನಿಯಮದಿಂದ ಬಡವರಿಗೇ ಪೆಟ್ಟು ಬಿತ್ತು. ಆ ವರ್ಷ ಹತ್ತಿರವಾದಂತೆ ಯಾರೂ ಅವರಿಗೆ ಸಾಲ ಕೊಡುತ್ತಿರಲಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಹಿಲ್ಲೇಲ್ ಎಂಬ ವಿದ್ವಾಂಸರು ಸಾಲಪತ್ರವನ್ನು ನ್ಯಾಯಾಲಯಕ್ಕೆ ಒಪ್ಪಿಸುವ 'ಪ್ರೋಝ್ಬುಲ್' ಎಂಬ ವ್ಯವಸ್ಥೆ ತಂದರು. ಸಾಲ ಉಳಿಯಿತು, ಬಡವನಿಗೆ ಮತ್ತೆ ಸಾಲ ಹುಟ್ಟಿತು. ಸುಮಾರು 1000ನೇ ಇಸವಿಯಲ್ಲಿ ಜರ್ಮನಿಯ ಮೈಂಝ್ ನಗರದ ರಬ್ಬೇನು ಗೇರ್ಶೊಮ್ ಅವರ ಹೆಸರಿನಲ್ಲಿ ಎರಡು ಆಜ್ಞೆಗಳು ಬಂದವು: ಇಬ್ಬರು ಹೆಂಡಿರನ್ನು ಕಟ್ಟಿಕೊಳ್ಳಬಾರದು, ಹೆಂಡತಿಯ ಒಪ್ಪಿಗೆಯಿಲ್ಲದೆ ವಿಚ್ಛೇದನ ಕೊಡಬಾರದು. ತೌರಾತ್ ಅನುಮತಿಸಿದ್ದನ್ನೇ ಅವರು ತಡೆದರು. ಯುರೋಪಿನ ಯಹೂದಿಗಳು ಒಪ್ಪಿಕೊಂಡರು.

ಹಾಗಾದರೆ 'ಹೊಸದೆಲ್ಲ ನಿಷಿದ್ಧ' ಎಂಬ ಘೋಷಣೆ ಬಂದದ್ದೆಲ್ಲಿಂದ? ಅದು ಹತ್ತೊಂಬತ್ತನೇ ಶತಮಾನದ್ದು. ಇಂದು ಬ್ರಾಟಿಸ್ಲಾವಾ ಎಂದು ಕರೆಯಲಾಗುವ ನಗರದಲ್ಲಿದ್ದ ರಬ್ಬಿ ಮೋಶೆ ಸೋಫೆರ್ (1762-1839) ಹೊಸ ಬೆಳೆಯ ಧಾನ್ಯದ ಕುರಿತಾಗಿದ್ದ ಒಂದು ಹಳೆಯ ನಿಯಮವನ್ನು ಎತ್ತಿಕೊಂಡು, ಅದನ್ನು ಎಲ್ಲ ಹೊಸತನದ ವಿರುದ್ಧ ತಿರುಗಿಸಿದರು. ಹಳೆಯ ಮಾತಿಗೆ ಇಷ್ಟು ಹೊಸ ಅರ್ಥ ಕೊಟ್ಟವರು ಬೇರೊಬ್ಬರಿಲ್ಲ!

ಅವರ ಭಯಕ್ಕೆ ಕಾರಣವಿರಲಿಲ್ಲ ಎನ್ನಲಾಗದು. 1791ರಲ್ಲಿ ಫ್ರಾನ್ಸ್ ಯಹೂದಿಗಳಿಗೆ ಪೌರತ್ವ ಕೊಟ್ಟಿತು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿನ ಸಭೆಯಲ್ಲಿ, ವ್ಯಕ್ತಿಗಳಾಗಿ ಅವರಿಗೆ ಎಲ್ಲವನ್ನೂ ಕೊಡೋಣ, ಸಮುದಾಯವಾಗಿ ಏನನ್ನೂ ಬೇಡ ಎಂಬ ವಾದ ಕೇಳಿ ಬಂದಿತ್ತು. 1806ರಲ್ಲಿ ನೆಪೋಲಿಯನ್ ಯಹೂದಿ ಮುಖಂಡರನ್ನು ಸೇರಿಸಿ 12 ಪ್ರಶ್ನೆಗಳನ್ನು ಮುಂದಿಟ್ಟ. ನಿಮ್ಮಲ್ಲಿ ಬಹುಪತ್ನಿತ್ವ ಉಂಟೇ? ವಿಚ್ಛೇದನ ಹೇಗೆ? ಫ್ರಾನ್ಸನ್ನು ನಿಮ್ಮ ದೇಶವೆಂದು ಭಾವಿಸುತ್ತೀರಾ? ಈ ಪ್ರಶ್ನೆಗಳ ಧಾಟಿ ನಮ್ಮ ಓದುಗರಿಗೆ ಅಪರಿಚಿತವಲ್ಲ. ಅವರು ವಿನಯದಿಂದ ಉತ್ತರಿಸಿದರು. ಆದರೂ 1808ರಲ್ಲಿ ಅವರ ವ್ಯಾಪಾರ ಮತ್ತು ವಾಸದ ಮೇಲೆ ನಿರ್ಬಂಧಗಳು ಬಂದವು. ಪರಂಪರೆಯನ್ನು ಬಿಟ್ಟು ಬಾ, ಸ್ವಾತಂತ್ರ್ಯ ಕೊಡುತ್ತೇನೆ ಎನ್ನುವ ಪ್ರಭುತ್ವವನ್ನು ಸಂಶಯದಿಂದ ನೋಡುವುದು ತಪ್ಪಲ್ಲ. ಆದರೆ ಹೊರಗಿನ ಒತ್ತಡವನ್ನು ನೆಪ ಮಾಡಿಕೊಂಡು ಒಳಗಿನ ಅನ್ಯಾಯವನ್ನು ಕಾಪಾಡುವುದು ತಪ್ಪು.

ಕೀಲಿಕೈ ಯಾರ ಕೈಯಲ್ಲಿ?

ಆ ಒಳಗಿನ ಅನ್ಯಾಯದ ಹೆಸರು 'ಅಗುನಾ'. ಹೀಬ್ರೂವಿನಲ್ಲಿ ಇದರರ್ಥ ಕಟ್ಟಿ ಹಾಕಲ್ಪಟ್ಟ ಹೆಣ್ಣು.

ಯಹೂದಿ ಶಾಸ್ತ್ರದಲ್ಲಿ ವಿಚ್ಛೇದನ ಆಗಬೇಕಾದರೆ ಗಂಡನು ಸ್ವ ಇಚ್ಛೆಯಿಂದ 'ಗೆಟ್' ಎಂಬ ಪತ್ರವನ್ನು ಹೆಂಡತಿಯ ಕೈಗೆ ಕೊಡಬೇಕು. ಅವನು ಕೊಡದಿದ್ದರೆ ಅವಳಿಗೆ ಮರುಮದುವೆಯಿಲ್ಲ. ಹಾಗೆಯೇ ಬೇರೊಬ್ಬನೊಂದಿಗೆ ಬಾಳಿ ಮಕ್ಕಳಾದರೆ ಆ ಮಕ್ಕಳು 'ಮಮ್ಝೆರ್' ಎನಿಸುತ್ತಾರೆ; ಇತರ ಯಹೂದಿಗಳು ಅವರನ್ನು ಮದುವೆಯಾಗುವಂತಿಲ್ಲ. ರಬ್ಬೇನು ಗೇರ್ಶೊಮ್ ಅವರ ಆಜ್ಞೆಯ ನಂತರ ಗಂಡನಿಗೂ ಹೆಂಡತಿಯ ಒಪ್ಪಿಗೆ ಬೇಕೆಂದಾಯಿತು, ನಿಜ. ಆದರೆ ಹೆಂಡತಿ ಒಪ್ಪದಿದ್ದರೆ ನೂರು ರಬ್ಬಿಗಳ ಸಹಿ ಪಡೆದು ಗಂಡ ಇನ್ನೊಂದು ಮದುವೆಯಾಗಲು ದಾರಿಯಿದೆ. ಅವಳಿಗೆ ಅಂಥ ದಾರಿಯಿಲ್ಲ. ಈ ಬಾಗಿಲಿನ ಕೀಲಿಕೈ ಇಟ್ಟುಕೊಂಡು ಹಣ ಕೇಳುವ, ಆಸ್ತಿ ಕೇಳುವ, ಮಕ್ಕಳನ್ನು ಬಿಟ್ಟುಕೊಡು ಎನ್ನುವ ಗಂಡಂದಿರಿದ್ದಾರೆ. ಸ್ವ ಇಚ್ಛೆ ಎಂಬ ಪವಿತ್ರ ಶಬ್ದ ಇಲ್ಲಿ ಸುಲಿಗೆಯ ಸಾಧನವಾಗಿದೆ.

ಪರಂಪರೆಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ದಾರಿಯನ್ನೂ ಹುಡುಕಿತ್ತು. ಗಂಡ ದೂರದಲ್ಲಿ ಸತ್ತನೆಂಬುದಕ್ಕೆ, ಇತರ ವ್ಯಾಜ್ಯಗಳಲ್ಲಿ ಬೇಕಾದ ಇಬ್ಬರು ಸಾಕ್ಷಿಗಳ ಬದಲು ಒಬ್ಬನೇ ಸಾಕ್ಷಿ ಸಾಕು, ಹೆಣ್ಣಿನ ಸಾಕ್ಷ್ಯವೂ ಆದೀತು ಎಂದು ಮಿಶ್ನಾದ ಕಾಲದಲ್ಲೇ ನಿಯಮವನ್ನು ಸಡಿಲಿಸಲಾಯಿತು. ಹೆಣ್ಣು ಕಟ್ಟಿಬಿದ್ದು ನರಳದಿರಲಿ ಎಂಬುದೇ ಉದ್ದೇಶ. ಎರಡನೇ ಮಹಾಯುದ್ಧದ ಹತ್ಯಾಕಾಂಡದ ನಂತರ ಪತಿಯ ಶವವನ್ನೂ ಕಾಣದ ವಿಧವೆಯರ ವಿಷಯದಲ್ಲೂ ರಬ್ಬಿಗಳು ಇದೇ ಉದಾರತೆ ತೋರಿದರು. ತನ್ನ ತತ್ವಗ್ರಂಥವನ್ನು ಅರಬಿಯಲ್ಲಿ ಬರೆದ, ಈಜಿಪ್ಟಿನಲ್ಲಿ ವೈದ್ಯರಾಗಿದ್ದ ಮೈಮೋನಿಡೀಸ್ ಹನ್ನೆರಡನೇ ಶತಮಾನದಲ್ಲಿ ಇನ್ನೂ ಮುಂದೆ ಹೋದರು. ನ್ಯಾಯಾಲಯ ಬಿಡು ಎಂದ ಮೇಲೂ ಬಿಡದ ಗಂಡನನ್ನು ಒಪ್ಪುವ ತನಕ ಹೊಡೆಯಬಹುದು. ಅದು ಬಲವಂತವಲ್ಲ, ಏಕೆಂದರೆ ಧರ್ಮ ಪಾಲಿಸಬೇಕೆಂಬುದೇ ಅವನ ನಿಜವಾದ ಇಚ್ಛೆ, ತಡೆಯುತ್ತಿರುವುದು ಅವನ ದುಷ್ಟ ವಾಂಛೆ ಎಂದರು. ಹೊಡೆತವನ್ನು ನಾವು ಸಮರ್ಥಿಸುವುದಿಲ್ಲ. ನಿನ್ನ ನಿಜವಾದ ಇಚ್ಛೆ ನಿನಗಿಂತ ನನಗೆ ಗೊತ್ತು ಎಂಬ ವಾದ ಸರ್ವಾಧಿಕಾರಿಯ ಬಾಯಲ್ಲಿ ಎಷ್ಟು ಅಪಾಯಕಾರಿ ಎಂಬುದೂ ಗೊತ್ತು. ಆದರೆ ಅವರು ಕಂಡ ಸತ್ಯವನ್ನು ಅಲ್ಲಗಳೆಯಲಾಗದು: ಇನ್ನೊಬ್ಬರನ್ನು ಕಟ್ಟಿ ಹಾಕುವ ಹಠಕ್ಕೆ ಸ್ವಾತಂತ್ರ್ಯವೆಂಬ ಹೆಸರಿಲ್ಲ.

ಇಂದಿನ ಸ್ಥಿತಿಯೇನು? ನ್ಯೂಯಾರ್ಕ್ ರಾಜ್ಯ 1983ರಲ್ಲಿ, ಕೆನಡಾ 1990ರಲ್ಲಿ, ಬ್ರಿಟನ್ 2002ರಲ್ಲಿ ಇಂಥ ಗಂಡಂದಿರ ಮೇಲೆ ಒತ್ತಡ ಹೇರಲು ಸಿವಿಲ್ ಕಾನೂನುಗಳನ್ನು ತಂದವು. ಇಸ್ರೇಲಿನಲ್ಲಿ 1953ರ ಕಾನೂನಿನಂತೆ ಯಹೂದಿಗಳ ಮದುವೆ, ವಿಚ್ಛೇದನ ಪೂರ್ತಿಯಾಗಿ ರಬ್ಬಿಗಳ ನ್ಯಾಯಾಲಯಗಳ ಕೈಯಲ್ಲಿದೆ. ದೇಶದೊಳಗೆ ಸಿವಿಲ್ ವಿವಾಹವಿಲ್ಲ. 1995ರ ಕಾನೂನು ಆ ನ್ಯಾಯಾಲಯಗಳಿಗೆ ಹಠಮಾರಿ ಗಂಡನ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಬ್ಯಾಂಕ್ ಖಾತೆಯನ್ನು ತಡೆಯುವ, ಜೈಲಿಗೆ ಕಳಿಸುವ ಅಧಿಕಾರ ಕೊಟ್ಟಿದೆ. ಆದರೂ ಕೊನೆಯ ಕೀಲಿಕೈ ಗಂಡನ ಕೈಯಲ್ಲೇ ಉಳಿದಿದೆ. ಹಿಲ್ಲೇಲ್ ಅವರಿಗಿದ್ದ ಧೈರ್ಯ ಇಂದಿನ ರಬ್ಬಿಗಳಿಗೆ ಏಕಿಲ್ಲ? ಸಾಲಗಾರನಿಗಾಗಿ ದಾರಿ ಹುಡುಕಿದ ಶಾಸ್ತ್ರ, ಹೆಣ್ಣಿನ ಮುಂದೆ ಮಾತ್ರ ಕೈ ಕಟ್ಟಿ ನಿಲ್ಲುವುದು ಶಾಸ್ತ್ರದ ದೌರ್ಬಲ್ಯವಲ್ಲ, ಶಾಸ್ತ್ರಿಗಳದ್ದು.

ಪ್ರಭುತ್ವದ ಕೈಗೆ ಸಿಕ್ಕಾಗ

ಧರ್ಮ ಪ್ರಭುತ್ವದ ಕೈಗೆ ಸಿಕ್ಕರೆ ಏನಾಗುತ್ತದೆಂದು ಎಲ್ಲರಿಗಿಂತ ಕಟುವಾಗಿ ಹೇಳಿದವರು ಓರ್ವ ನಿಷ್ಠಾವಂತ ಯಹೂದಿಯೇ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರೊಫೆಸರ್ ಯೆಶಾಯಾಹು ಲೈಬೋವಿಟ್ಝ್ (1903-1994) ಅವರಿಗೆ ಕಟ್ಟಳೆಗಳ ಪಾಲನೆಯೇ ಧರ್ಮವಾಗಿತ್ತು. ಆ ಕಾರಣಕ್ಕಾಗಿಯೇ ಅವರು ಧರ್ಮವನ್ನು ಸರಕಾರದಿಂದ ಬೇರ್ಪಡಿಸಿ ಎಂದರು. ದೇವನಿಗೆ ಸಲ್ಲಬೇಕಾದ ನಿಷ್ಠೆಯನ್ನು ರಾಷ್ಟ್ರಕ್ಕೂ ನೆಲಕ್ಕೂ ಸಲ್ಲಿಸುವುದು ಅವರ ಪ್ರಕಾರ ವಿಗ್ರಹಾರಾಧನೆ. 1967ರ ಯುದ್ಧದ ಗೆಲುವಿನ ಅಮಲಿನಲ್ಲಿ ಇಸ್ರೇಲ್ ತೇಲುತ್ತಿದ್ದಾಗ, ಇನ್ನೊಂದು ಜನತೆಯನ್ನು ಆಳಿದರೆ ಆಳುವವನೇ ಕೊಳೆಯುತ್ತಾನೆ ಎಂದು ಎಚ್ಚರಿಸಿದರು. 1993ರಲ್ಲಿ ಇಸ್ರೇಲ್ ಪ್ರಶಸ್ತಿಗೆ ಆಯ್ಕೆಯಾದಾಗ ಗದ್ದಲವೆದ್ದಿತು. ಅವರು ಪ್ರಶಸ್ತಿಯನ್ನೇ ಬೇಡವೆಂದರು.

ಆ ಒಲೆಯ ಕಥೆಯಿರುವ ತಲ್ಮೂದ್‌ನ ಅದೇ ಪುಟದಲ್ಲಿ ಇನ್ನೊಂದು ಮಾತೂ ಇದೆ: ಪರದೇಶಿಯನ್ನು ಪೀಡಿಸಬೇಡ ಎಂದು ತೌರಾತ್ 36 ಬಾರಿ ಎಚ್ಚರಿಸುತ್ತದೆ, 46 ಎನ್ನುವವರೂ ಇದ್ದಾರೆ ಎಂದು. ಅಲ್ಲಿ ಹೇಳಿರುವುದು ಯಹೂದಿ ಧರ್ಮಕ್ಕೆ ಸೇರಿದ ಪರದೇಶಿಯ ಬಗ್ಗೆ ಮಾತ್ರ ಎಂದು ಅರ್ಥ ಮಾಡುವವರಿದ್ದಾರೆ. ಆದರೆ ತೌರಾತ್ ಕೊಡುವ ಕಾರಣ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬುದು. ಈಜಿಪ್ಟಿನಲ್ಲಿ ಅವರೇನು ಫಿರ್‌ಔನನ ಧರ್ಮಕ್ಕೆ ಸೇರಿದ್ದರೇ? 1967ರಿಂದ ಪಶ್ಚಿಮ ದಂಡೆಯ ಫೆಲೆಸ್ತೀನಿಯರನ್ನು ಸೈನಿಕ ಆಡಳಿತದಡಿ ಇಟ್ಟು, ಅವರ ನೆಲದಲ್ಲಿ ವಸಾಹತು ಕಟ್ಟುವುದನ್ನೇ ಧರ್ಮದ ಕಟ್ಟಳೆ ಎನ್ನುವವರು ಈ ಪ್ರಶ್ನೆಗೆ ಉತ್ತರಿಸಲಿ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದದ್ದು ಯಾವ ಧರ್ಮದ ಹೆಸರಿನಲ್ಲೂ ಸಮರ್ಥನೀಯವಲ್ಲ. ಆ ಬಳಿಕ ಗಾಝಾದಲ್ಲಿ ಇಸ್ರೇಲಿನ ದಾಳಿಗೆ ಹತ್ತಾರು ಸಾವಿರ ಜನ ಬಲಿಯಾದದ್ದೂ ಅಷ್ಟೇ. ಅದನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ಯಹೂದಿಗಳೂ ಇದ್ದರು, ಈಜಿಪ್ಟಿನ ನೆನಪನ್ನೇ ಕಾರಣವಾಗಿ ಹೇಳಿದವರೂ ಅವರಲ್ಲಿದ್ದರು ಎಂಬುದನ್ನು ನಾವು ಮರೆಯಬಾರದು.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಕಟ್ಟಳೆ ತನ್ನನ್ನು ಪಾಲಿಸುವವನ ಕೈಯನ್ನು ಕಟ್ಟಿ ಇನ್ನೊಬ್ಬರಿಗೆ ಉಸಿರು ಕೊಡುವವರೆಗೆ ಅದು ಸ್ವಾತಂತ್ರ್ಯದ ಇನ್ನೊಂದು ಹೆಸರು. ಪಾಲಿಸುವವನು ಅದರಿಂದ ಇನ್ನೊಬ್ಬರ ಕೈ ಕಟ್ಟತೊಡಗಿದ ದಿನ ಅದು ಬೇಡಿ. ಗಂಡನಿರಲಿ, ನ್ಯಾಯಾಲಯವಿರಲಿ, ಸರಕಾರವಿರಲಿ, ದೇವನ ಕಟ್ಟಳೆಗೆ ತಾನೇ ಒಡೆಯನೆಂದು ಕುಳಿತವನು ಫಿರ್‌ಔನನ ಪೀಠದಲ್ಲಿ ಕುಳಿತಿದ್ದಾನೆ. ಈ ಅಳತೆಗೋಲು ಯಹೂದಿಗಳಿಗೆ ಮಾತ್ರ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. 'ಹಲಾಖಾ' ಎಂದರೂ ನಡೆಯುವ ದಾರಿ, 'ಶರೀಅತ್' ಎಂದರೂ ದಾರಿಯೇ. ದಾರಿಗೆ ಗೋಡೆ ಕಟ್ಟುವವರು ಎಲ್ಲ ಕಡೆ ಇದ್ದಾರೆ.

ಪ್ರತಿ ವರ್ಷ ಪೆಸಾಹ್ ಹಬ್ಬದ ರಾತ್ರಿ ಯಹೂದಿ ಕುಟುಂಬಗಳು ಮೇಜಿನ ಸುತ್ತ ಕೂಡುತ್ತವೆ. ಮನೆಯ ಕಿರಿಯ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರಿಸಬೇಕು; ಅದು ಕಟ್ಟಳೆ. ತಾನೇ ಈಜಿಪ್ಟಿನಿಂದ ಹೊರಟು ಬಂದೆನೆಂದು ಪ್ರತಿಯೊಬ್ಬರೂ ಭಾವಿಸಬೇಕು; ಅದೂ ಕಟ್ಟಳೆ. ಬಿಡುಗಡೆಯ ನೆನಪಿಗಾಗಿ ಕಡುಬಡವನೂ ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯಬೇಕು. ಹೆಂಗಸರೂ ಕುಡಿಯಬೇಕು, ಏಕೆಂದರೆ ಆ ಬಿಡುಗಡೆಯಲ್ಲಿ ಅವರೂ ಪಾಲುದಾರರು ಎಂದು ತಲ್ಮೂದ್ ಹೇಳುತ್ತದೆ. ಗಂಡನ ಪತ್ರಕ್ಕಾಗಿ ವರ್ಷಗಟ್ಟಲೆ ಕಾಯುತ್ತಿರುವ ಹೆಣ್ಣೂ ಆ ಮೇಜಿನಲ್ಲಿ ಕುಳಿತಿರುತ್ತಾಳೆ. ಅವಳ ಮುಂದೆಯೂ ನಾಲ್ಕು ಬಟ್ಟಲುಗಳಿರುತ್ತವೆ. ಅವಳು ಈಜಿಪ್ಟಿನಿಂದ ಹೊರಟು ಬಂದದ್ದು ಯಾವಾಗ ಎಂದು ಆ ಮಗು ಕೇಳಿದರೆ ಹಿರಿಯರು ಏನು ಹೇಳುತ್ತಾರೆ?